ದಾನಪತ್ರದ ಕ್ರಮವೇನೆಂದರೆ

ಕಡೂರಿನ ತಾಲ್ಲೂಕು ಕಚೇರಿಯೆದುರು, ಬೇವಿನ ಬುಡದಲ್ಲಿ
ಇಪ್ಪತ್ತಾರು ವರ್ಷದಿಂದ ನನ್ನ ಮೇಜು.
ಕ್ರಯ, ಭೋಗ್ಯ, ವಿಭಾಗ, ಹಕ್ಕು ಖುಲಾಸೆ.
ಒಂದೇ ಬಾವಿಯನ್ನು ಅರ್ಧರ್ಧ ಬರೆಸಿಕೊಂಡ
ಅಣ್ಣತಮ್ಮಂದಿರನ್ನು ಕಂಡಿದ್ದೇನೆ,
ಹಗ್ಗ ಯಾರದೆಂದು ಮತ್ತೆ ಜಗಳ.

ಮುನೀರುನ್ನೀಸಾ ಬಂದದ್ದು ಊಟದ ಹೊತ್ತಿಗೆ.
ಪಿಂಚಣಿಯ ದಾದಿ, ಸುತ್ತ ಹದಿನಾಲ್ಕು ಹಳ್ಳಿಗೆ ನರ್ಸಮ್ಮ.
ಚೀಲದಲ್ಲಿ ಪಹಣಿ, ಆಧಾರ್, ಬೇಯಿಸಿದ ಕಡಲೆಕಾಯಿ.
‘ನಾಲ್ಕು ಎಕರೆ ಹನ್ನೊಂದು ಗುಂಟೆ. ದಾನಪತ್ರ ಬರಿ.’
ಮಗಳಿಗಾ? ಮಸೀದಿಗಾ?
‘ತೋಳಕ್ಕೆ.’

ತೋಳದ ಆಧಾರ್ ನಂಬರ್ ಎಷ್ಟಮ್ಮ ಎಂದು ನಕ್ಕೆ.
ಅವರು ಕಡಲೆಕಾಯಿ ಸುಲಿಯುತ್ತ ಕಾದರು, ನಾನು ನಗುವುದು ಮುಗಿಯಲಿ ಎಂದು.
‘ಕಾವಲಿಗೆ ಸೇರಿಸಿ, ಇಲಾಖೆಯ ಹೆಸರಿಗೆ ಬರಿ. ಇರುವುದು ಮಾತ್ರ ಅದು.’

ಪಹಣಿಯಲ್ಲಿ: ಬೆಳೆ ಇಲ್ಲ. ನೀರಾವರಿ ಇಲ್ಲ. ಮರ ಇಲ್ಲ.
‘ಬೀಳು’ ಎಂಬ ಎರಡಕ್ಷರ.
ಅವರ ನೋಟ್‌ಬುಕ್ಕಿನಲ್ಲಿ, ಹೆರಿಗೆ ರಿಜಿಸ್ಟರ್ ಬರೆದು ಪಳಗಿದ ಅಕ್ಷರದಲ್ಲಿ:
ಕರಡದ ಹುಲ್ಲು ಸೊಂಟಮಟ್ಟ. ಕೌಜುಗದ ಮೊಟ್ಟೆ ಏಳು.
ತಂಗಡಿ ಪೊದೆಯಡಿ ಮರಿ ನಾಲ್ಕು,
ಗವಿಯಿಂದ ಹೊರಬಂದದ್ದು ಜನವರಿ ಒಂಬತ್ತು, ಬೆಳಗಿನ ಆರೂಕಾಲು.
ತಾಯಿ ಕ್ಷೇಮ.

‘ಇನ್ನೊಂದು ಮಾತು. ಇಂಥ ದಾನಕ್ಕೆ ತೆರಿಗೆಯಲ್ಲಿ ಬಿಡುವುಂಟಂತೆ?’
ಬೀರೂರಿನ ಆಡಿಟರ್ ನಟೇಶಪ್ಪನಿಗೆ ಫೋನು ಹಚ್ಚಿದೆ.
ನಗದು ಕೊಟ್ಟರೆ ರಿಯಾಯಿತಿ ಉಂಟು, ನೆಲ ನಗದಲ್ಲ, ಎಂದ.
ಮಾರಿಬಿಡಲಿ, ಬಂದ ದುಡ್ಡು ದಾನ ಮಾಡಲಿ,
ಆಗ ಅರ್ಜಿ ಹಾಕೋಣ.
‘ಮಾರಿದ ಮೇಲೆ ಅವು ಎಲ್ಲಿ ಮಲಗಬೇಕಪ್ಪ?’
ಸ್ಪೀಕರ್ ಆನ್ ಇತ್ತು. ನಟೇಶಪ್ಪ ಕೆಮ್ಮಿದ.

ಆದರೂ ಅರ್ಜಿ ಬರಿ ಎಂದರು.
ಸಿಗುವುದಿಲ್ಲಮ್ಮ, ನಲವತ್ತು ರೂಪಾಯಿ ದಂಡ.
‘ಸಿಗುವುದಿಲ್ಲ ಅಂತಲೇ ಬರೆದು ಕೊಡಲಿ.
ಒಬ್ಬಳು ಕೇಳಿದ್ದಳು ಅಂತ ಕಡತದಲ್ಲಿರಲಿ.
ನಾಳೆ ಕೇಳುವವರು ಎರಡನೆಯವರಾಗುತ್ತಾರೆ,
ಮೊದಲನೆಯವರಾಗುವುದು ಕಷ್ಟ.’

ಬರೆದೆ. ಆಮೇಲೆ ಪತ್ರಕ್ಕೆ ಕೈ ಹಚ್ಚಿದೆ.
ದಾನಪತ್ರದ ಕ್ರಮವೇನೆಂದರೆ,
ಯಾರ ಒತ್ತಾಯವೂ ಇಲ್ಲದೆ, ಸ್ವಂತ ಬುದ್ಧಿಯಿಂದ,
ಪ್ರೀತಿ ವಿಶ್ವಾಸಪೂರ್ವಕವಾಗಿ...
ಚೆಕ್ಕುಬಂದಿ: ಪೂರ್ವಕ್ಕೆ ಕಾವಲು. ಉತ್ತರಕ್ಕೆ ಗಾಡಿದಾರಿ.
ಪಶ್ಚಿಮಕ್ಕೆ ಸೋಲಾರ್ ಕಂಪನಿಯ ಬೇಲಿ
(ಅವರೂ ಮೂರು ಸಲ ಬಂದು ಹೋಗಿದ್ದಾರೆ, ಸ್ವೀಟ್ ಬಾಕ್ಸ್ ಸಮೇತ).
ದಕ್ಷಿಣಕ್ಕೆ?
‘ದಕ್ಷಿಣಕ್ಕೆ ಕರಿಯಪ್ಪನ ಕುರಿಹಟ್ಟಿ. ವರ್ಷಕ್ಕೆ ಎರಡು ಮೂರು ಮರಿ ಹೋಗುತ್ತವೆ.
ದುಡ್ಡು ನಾನು ಕೊಡುತ್ತಿದ್ದೆ.
ಇನ್ನು ಇಲಾಖೆ ಕೊಡಬೇಕು, ಅದನ್ನೂ ಬರಿ.’
ಅದು ಈ ಪತ್ರದಲ್ಲಿ ಬರುವುದಿಲ್ಲಮ್ಮ.
‘ಹಾಗಾದರೆ ಇನ್ನೊಂದು ಅರ್ಜಿ.’
ಎಂಬತ್ತು ರೂಪಾಯಿ.

ಕೊನೆಯಲ್ಲಿ ಪೆನ್ನು ತನ್ನ ಪಾಡಿಗೆ ತಾನು ಓಡಿತು, ರೂಢಿ:
ನಿಧಿ ನಿಕ್ಷೇಪ ಜಲ ಪಾಷಾಣ
ಅಕ್ಷೀಣ ಆಗಾಮಿ ಸಿದ್ಧ ಸಾಧ್ಯಗಳೆಂಬ ಅಷ್ಟಭೋಗ ಸಹಿತ
ಪುತ್ರಪೌತ್ರ ಪಾರಂಪರ್ಯವಾಗಿ
ಸುಖದಿಂದ ಅನುಭವಿಸಿಕೊಂಡು ಬರತಕ್ಕದ್ದು.
ಇಲಾಖೆಗೆ ಎಲ್ಲಿಯ ಮೊಮ್ಮಕ್ಕಳು,
ಹೊಡೆದು ಹಾಕೋಣವೆಂದು ಪೆನ್ನು ಎತ್ತಿದೆ.
ಅವರು ಆ ಸಾಲಿನ ಮೇಲೆ ಬೆರಳಿಟ್ಟು
ಎರಡು ಸಲ ಓದಿದರು, ತುಟಿಯಾಡಿಸುತ್ತ.
ಇರಲಿ ಎಂದರು.

ನೋಂದಣಿಯಾಗಿ ಏಳು ತಿಂಗಳು. ಅರ್ಜಿಗಳಿಗೆ ಉತ್ತರವಿಲ್ಲ.
ಸ್ವೀಕೃತಿ ಸಂಖ್ಯೆ ಮಾತ್ರ ಇದೆ, ಅದನ್ನವರು
ಮರಿಗಳ ಪುಟದಲ್ಲೇ ಬರೆದುಕೊಂಡರು.
ಹೆಸರಿನ ಜಾಗ ಖಾಲಿ ಬಿಟ್ಟು ಒಂದು ನಕಲು
ನನ್ನ ಮೇಜಿನ ಗಾಜಿನಡಿ ಇಟ್ಟಿದ್ದೇನೆ.
ಬಂದವರು ಅದರ ಮೇಲೆ ಟೀ ಲೋಟ ಇಡುತ್ತಾರೆ.
ಎತ್ತಿ ಒರೆಸುತ್ತೇನೆ.