ಬೇಲಿಯ ಸಾಕ್ಷಿ

ಕುಂಸಿ ದಾಟಿ ಅರಸಾಳಿಗೆ ಮುನ್ನ ನನ್ನ ಗೇಟು.
ಹೊತ್ತಿಗೆರಡು ರೈಲು, ನಡುವೆ ಬರೀ ಬಿಸಿಲು.
ಕೆಂಪೊಂದು ಬಾವುಟ, ಹಸಿರೊಂದು,
ಸುತ್ತಿ ಕಂಕುಳಲ್ಲಿಟ್ಟ ಎರಡು ಮಾತು.

ಬೇಲಿಯ ಮೂರನೇ ಕಲ್ಲುಗಂಬ ಅವನದು.
ಚೈತ್ರ ಬಂತೆಂದರೆ ತಲೆಯಿಂದ ಭುಜದವರೆಗೆ
ಗೇಟಿನ ಕಂಬಕ್ಕೆ ಬಳಿದು ಮಿಕ್ಕ ಬಣ್ಣ
ಯಾರೋ ಮೈಮೇಲೆ ಚೆಲ್ಲಿದ ಹಾಗೆ.
ಮುಂಗಾಲೂರಿ ಏಳುತ್ತಾನೆ, ಇಳಿಯುತ್ತಾನೆ,
ಏಳುತ್ತಾನೆ. ಗಂಟಲ ಚೀಲ ಬಿಚ್ಚುತ್ತಾನೆ.
"ಸಾಮು ಮಾಡ್ತಾನೆ ನೋಡು, ಗರಡಿ ಹುಡುಗ,"
ಕೀಮನ್ ತೀರ್ಥಪ್ಪ ನಗುತ್ತಾನೆ, ಸ್ಪ್ಯಾನರ್ ಹೆಗಲಿಗೇರಿಸಿ.

ಮೊದಲ ಸಲ ನಾನು ಕೆಂಪು ಬಿಡಿಸಿದ ದಿನ
(ಹಳಿಯ ಮೇಲೆ ಎಮ್ಮೆ, ನನ್ನ ಎದೆ ಡವಡವ)
ಅವನೂ ಗಂಟಲು ಬಿಡಿಸಿದ,
ನನ್ನ ಬಟ್ಟೆಗೆ ಉತ್ತರವಾಗಿ.
ರೈಲು ನಿಂತಿತು.
ನನ್ನ ಮಾತು ಕೇಳಿತೆಂದು ನಾನಂದುಕೊಂಡೆ,
ತನ್ನ ಮಾತೆಂದು ಅವನು.

ಅಂದಿನಿಂದ ದಿನಾ ಅವನೇ ಓಡಿಸುವುದು
ಮೈಸೂರಿನ ಗಾಡಿಯನ್ನು, ತಾಳಗುಪ್ಪದ ಗಾಡಿಯನ್ನು.
ಎಷ್ಟು ದೊಡ್ಡದು ಬಂದರೂ, ಗುಡುಗಿ, ಕಂಬ ನಡುಗಿಸಿ,
ಕೊನೆಗೆ ಹೋಗಿಯೇ ಹೋಗುತ್ತದಲ್ಲ!

ನನ್ನ ಕೆಂಪಿಗೆ ಒಂದೇ ಅರ್ಥ, ಇಲಾಖೆ ಬರೆದಿಟ್ಟದ್ದು.
ಅವನ ಕೆಂಪು ಗಂಡಿಗೆ ನಿಲ್ಲು,
ಲಂಟಾನದೊಳಗಿನ ಮಣ್ಣುಬಣ್ಣದವಳಿಗೆ ಬಾ.
ಅದೇ ಬಟ್ಟೆ, ಅದೇ ಬೀಸು.

ಮೊನ್ನೆ ಇನ್ನೊಬ್ಬ ಬಂದ, ದೊಡ್ಡವನು.
ಇಬ್ಬರೂ ಪಕ್ಕೆ ತೋರಿಸಿ ನಿಂತರು, ಮೈ ಉಬ್ಬಿಸಿ,
ಏರು, ಇಳಿ, ಏರು. ಕಚ್ಚಲಿಲ್ಲ, ಮುಟ್ಟಲಿಲ್ಲ.
ನನ್ನವನ ಬಣ್ಣ ಮಾತ್ರ
ಅಗ್ಗದ ಸೀರೆಯ ಹಾಗೆ ಕಣ್ಣೆದುರೇ ಬಿಟ್ಟಿತು.
ಬೂದಿಯಾಗಿ, ಕಂಬ ಇಳಿದು, ಸರಿದ.

ನನಗದು ಗೊತ್ತು. ಸಾಹೇಬರು ಟ್ರಾಲಿಯಲ್ಲಿ ಬಂದು
"ಕೆಳಸೇತುವೆ ಆಗುತ್ತಮ್ಮ, ಗೇಟು ಮುಚ್ಚುತ್ತೆ" ಎಂದಾಗ
ನಾನೂ ಹೀಗೇ ನಿಂತಿದ್ದೆ, ತಲೆ ಆಡಿಸುತ್ತ,
ಸರಿ ಸಾರ್, ಸರಿ ಸಾರ್.
ಯಾರೂ ಮುಟ್ಟಿರಲಿಲ್ಲ ನನ್ನ.

ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಎಂದು ನಗುತ್ತಾರೆ ಜನ.
ಆಗಲಿ, ನನ್ನ ಹೆಸರೂ ಬರೆದುಕೊಳ್ಳಿ ಸಾಕ್ಷಿಗೆ:
ಇವತ್ತು ಬೆಳಿಗ್ಗೆ ಐದನೇ ಕಂಬದ ಮೇಲೆ
(ಗಿಡ್ಡ ಕಂಬ, ಅರ್ಧ ನೆರಳು)
ಮಂದ ಕೆಂಪೊಂದು ಏರಿತು, ಇಳಿಯಿತು.
ತಾಳಗುಪ್ಪದ ಗಾಡಿಗೆ ಇನ್ನೂ ಮುಕ್ಕಾಲು ಗಂಟೆ.
ಸುತ್ತ ಯಾರಿಲ್ಲ.
ಕಂಕುಳಿನಿಂದ ಕೆಂಪು ತೆಗೆದು, ನಿಯಮ ಮೀರಿ,
ಒಂದೇ ಒಂದು ಸಲ ಬಿಡಿಸಿ
ಮಡಿಸಿದೆ.