ನೆತ್ತಿ ಕೂಡುವ ಮೊದಲು

(ವಿಚಿಟಾ, ಕಾನ್ಸಾಸ್. ರಾತ್ರಿ ಪಾಳಿ)

ನಡುವೆ ಒಂದೇ ಗೋಡೆ. ಇತ್ತ ನಾವು ರೆಕ್ಕೆ ಕಟ್ಟುತ್ತೇವೆ,
ಅತ್ತ ಅದೇ ರೆಕ್ಕೆಯನ್ನು ಮುರಿಯಲು ನೋಡುತ್ತಾರೆ.
ಎಣ್ಣೆ ತುಂಬಿದ ಉಕ್ಕಿನ ತೋಳುಗಳು
ಎತ್ತಿ ಬಗ್ಗಿಸಿ, ಇಳಿಸಿ ಬಗ್ಗಿಸಿ
ಒಂದು ತಿಂಗಳ ಹಾರಾಟದ ಆಯಾಸವನ್ನು ಒಂದೇ ರಾತ್ರಿಗೆ
ನೆಲ ಬಿಡದ ವಿಮಾನವೊಂದರ ಮೇಲೆ ಹೇರುತ್ತವೆ.
ಗೋಡೆಗೆ ಕಿವಿ ಕೊಡಬೇಕಿಲ್ಲ. ನರಳಿಕೆ
ಕಾಲಡಿಯ ಕಾಂಕ್ರೀಟಿನಿಂದಲೇ ಹತ್ತಿ ಬಂದು
ನನ್ನ ಕಾಫಿ ಲೋಟದಲ್ಲಿ ಉಂಗುರ ಬರೆಯುತ್ತದೆ.

ನಾನು ವರ್ಲಾ ಸ್ಟಕಿ. ಮೊಹರು ಮುನ್ನೂರ ಹದಿನೇಳು.
ಯುದ್ಧದ ಕಾಲದಿಂದ ರಿವೆಟ್ ಹೊಡೆಯುತ್ತಿದ್ದೇನೆ.
ಗನ್ನು ನನ್ನದು. ರೆಕ್ಕೆಯೊಳಗೆ ತೂರಿ
ಕಬ್ಬಿಣದ ದಿಮ್ಮಿ ಆನಿಸಿ ಮಲಗುವವಳು ಲೆಟಾ, ಅವಳದು ಸಣ್ಣ ಮೈ.
ಒಂದು ಸಲ ತಟ್ಟಿದರೆ ಸರಿ, ಎರಡು ಸಲವಾದರೆ ಇನ್ನೊಮ್ಮೆ.
ಹೀಗೆ ಬಾಯಿ ತೆರೆಯದೆ
ಹನ್ನೊಂದು ವರ್ಷ ಮಾತಾಡಿದ್ದೇವೆ.

ನಮ್ಮ ಮೇಸ್ತ್ರಿ ಓರ್ವಲ್, ಕ್ಯಾಲೆಂಡರಿಗೆ ಹೆದರುವ ಮನುಷ್ಯ,
ಹೇಳುತ್ತಾನೆ: ಪರೀಕ್ಷೆ ಮುಗಿಯಲಿ ಅಂತ ಕೂತರೆ
ರಷ್ಯದವರು ಕಾಯುತ್ತಾರಾ?
ಕಾಯುವುದಿಲ್ಲ, ನಿಜ.
ಕಾಯುವುದು ಗೊತ್ತಿರುವುದು ಲೋಹಕ್ಕೆ.
ಕಾದೂ ಕಾದೂ ಒಂದು ದಿನ ಅದು ತನ್ನ ಮಾತು ಹೇಳುತ್ತದೆ.

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದರೆ
ಹೋಗುವುದು ಒಂದು ತುಂಡು ಬಟ್ಟೆ.
ಇವು ಹುಟ್ಟಿಬಿಟ್ಟಿವೆ. ನಲವತ್ತೊಂದು.
ಗೋಧಿ ಹೊಲದ ಕಡೆಯ ಗಾಳಿಗೆ ಮೂಗೊಡ್ಡಿ
ಸಾಲಾಗಿ ನಿಂತಿವೆ, ಮೈಯೆಲ್ಲ ಬೆಳ್ಳಿ.
ನೆತ್ತಿ ಮಾತ್ರ ಇನ್ನೂ ಕೂಡಿಲ್ಲ.
ಎಲ್ಲಿ ಮೆತ್ತಗಿದೆಯೋ ಯಾರಿಗೂ ತಿಳಿಯದು,
ಒತ್ತಿ ನೋಡುವ ಬೆರಳು, ಗೋಡೆಯ ಆಚೆ,
ಇನ್ನೂ ಕೆನ್ನೆಯ ಹತ್ತಿರವೇ ಇದೆ.

ಹತ್ತೊಂಬತ್ತನ್ನು ಒಯ್ಯಲು ಬಂದವನು ಹುಡುಗ.
ಲೆಫ್ಟಿನೆಂಟ್ ಪ್ರೂಯೆಟ್. ಗದ್ದದಲ್ಲಿ ಬ್ಲೇಡಿನ ಗಾಯ.
ರೆಕ್ಕೆಯ ಬುಡಕ್ಕೆ ಅಂಗೈ ಇಟ್ಟ, ಕುದುರೆಗೆ ಇಡುವ ಹಾಗೆ,
ಯಾರ ಕೈಕೆಲಸ ಇದು ಎಂದು ಕೇಳಿದ.
ನನ್ನದು ಎಂದೆ.
ಲೆಟಾ ಬೆರಳ ಗೆಣ್ಣಿನಿಂದ ಒಂದು ಸಲ ತಟ್ಟಿದಳು.
ಅವನು ನಕ್ಕ, ಏನು ಅರ್ಥವಾಯಿತೋ.

ಮಾರ್ಚಿನಲ್ಲಿ, ನಸುಕಿನ ಮೂರೂಕಾಲಕ್ಕೆ,
ಗೋಡೆಯ ಆಚೆ ಮುರಿಯಿತು.
ಗುಂಡು ಹಾರಿದಂತೆ ಎಂದು ಆಮೇಲೆ ಹೇಳಿದವರು ಅಲ್ಲಿರಲಿಲ್ಲ.
ಹೆಪ್ಪುಗಟ್ಟಿದ ಕೆರೆ ರಾತ್ರಿ ಬಿರಿಯುವ ಸದ್ದು ಅದು,
ಉದ್ದಕ್ಕೆ, ಎಲ್ಲಿಗೋ ಹೊರಟಂತೆ.
ಇಡೀ ಶೆಡ್ಡು ಗನ್ನು ಇಳಿಸಿತು.
ನಾಲ್ಕು ಸಾವಿರ ಜನ ಸುಮ್ಮನಾದದ್ದನ್ನು
ನಾನು ಕೇಳಿದ್ದು ಅದೊಂದೇ ಸಲ.
ಆಮೇಲೆ ಓರ್ವಲ್ ಗಡಿಯಾರ ನೋಡಿದ.
ಆಮೇಲೆ ದೂರದಲ್ಲಿ ಯಾರದೋ ಒಂದು ರಿವೆಟ್.
ಆಮೇಲೆ ನಾನೂ.

ಅದನ್ನು ಬರೆದಿಡಬೇಕು: ಆಮೇಲೆ ನಾನೂ.
ನಲವತ್ತೆರಡರ ರೆಕ್ಕೆಯ ಬುಡಕ್ಕೆ.
ಆಚೆ ಬಿರುಕು ಬಿಟ್ಟದ್ದು ಅದೇ ಜಾಗದಲ್ಲಿ ಎಂದು
ನಮಗೆ ಹೇಳಿದ್ದು ಹತ್ತು ದಿನದ ಮೇಲೆ.

ಈಗ ಹಗಲು ಪಾಳಿ. ಕೆಲಸ ಬಿಚ್ಚುವುದು.
ನನ್ನದೇ ರಿವೆಟ್ಟಿನ ತಲೆಯ ನಟ್ಟನಡುವೆ ಡ್ರಿಲ್ಲಿನ ಮೊನೆ.
ಕಟ್ಟಲು ಒಂದು ಗಂಟೆ ಹಿಡಿದದ್ದಕ್ಕೆ ಬಿಚ್ಚಲು ಮೂರು,
ಸಂಬಳ ಎರಡಕ್ಕೂ ಒಂದೇ.
ದಪ್ಪ ತಗಡು, ಹೊಸ ಆಸರೆ, ಮತ್ತೆ ರಿವೆಟ್.
ಯಾವ ವಿಮಾನ ಯಾವ ದಿನ ಮರಳಿ ಬರುತ್ತದೆಂದು
ಓರ್ವಲ್ ಗೋಡೆಗೆ ಪಟ್ಟಿ ಅಂಟಿಸಿದ್ದಾನೆ, ಅದೇ ಗೋಡೆಗೆ.
ಟೈಪು ಮಾಡಿದವಳು ಅಚ್ಚುಕಟ್ಟು. ಒಂದು ಸಾಲೂ ಸೊಟ್ಟಗಿಲ್ಲ:
ಹದಿನೇಳು, ಹದಿನೆಂಟು, ಇಪ್ಪತ್ತು.

ಲೆಟಾ ಒಳಗಿಂದ ಎರಡು ಸಲ ತಟ್ಟುತ್ತಾಳೆ.
ಕಾಯುತ್ತಾಳೆ.
ಎರಡು ಸಲ ತಟ್ಟುತ್ತಾಳೆ.