ಗುರುತು

ನಸುಕಿನಾಗೇ ಕ್ರೂಸರ್ ಬಂತು.
ಹತ್ತು ಮಂದಿ ಕುಂದ್ರೂ ಗಾಡ್ಯಾಗ ಹದಿನಾರು ಮಂದಿ,
ನನ್ನ ತೊಡಿ ಮ್ಯಾಲ ಹಣಮಂತಿಯ ಕೂಸು,
ಕೂಸಿನ ತೊಡಿ ಮ್ಯಾಲ ರೊಟ್ಟಿ ಗಂಟು.
ಶಹಾಬಾದ ದಾಟೂತನಾ ರಸ್ತಾ ಬೆಳ್ಳಗ,
ಬೇವಿನೆಲಿ ಬೆಳ್ಳಗ, ನಮ್ಮ ಹುಬ್ಬೂ ಬೆಳ್ಳಗ.
ಕಲಬುರಗಿಯೊಳಗ ಗಾಡಿ ನಿಂದ್ರಿಸಿ ಡ್ರೈವರ್ ಅಂದ:
“ಧೂಳ ಝಾಡಿಸ್ಕೊಂಡು ಒಳಗ ಹೋಗ್ರಿ.”
ಝಾಡಿಸಿದೆವು.
ಎಷ್ಟಂತ ಝಾಡಿಸೂದು.

ಸಭಾದಾಗ ಮಷೀನಿನ ಥಂಡಿ ಗಾಳಿ.
ಕಡೀ ಸಾಲು ನಮಗ.
ಸ್ಟೇಜಿನ ಮ್ಯಾಲ ನಮ್ಮ ನೀಲಗಂಗಾ,
ಇಪ್ಪತ್ತಾರರ ಹುಡುಗಿ,
ಸೀರಿ ಯಾರದೋ ಕಡ ತಂದದ್ದು,
ಕಾಲಾಗ ಮಾತ್ರ ಖಣಿಗಿ ಬರೂ ಅದೇ ಚಪ್ಪಲಿ.
ಮೈಕಿನವ ಓದಿದ:
“ಇವರ ಸೇವೆಯನ್ನು ಗುರುತಿಸಿ—”
ಗುರುತಿಸಿ ಅಂಬೂ ಮಾತಿಗಿ ನನಗ ನಗಿ ಬಂತು.
ಸೆರಗು ಬಾಯಿಗಿ ಒತ್ತಿಕೊಂಡೆ.

ಹನ್ನೊಂದು ವರ್ಷ ಪರಸಿ ಎಬ್ಬಿಸಿದ ನನ್ನ ಗಂಡಗ
ಖಣಿ ಕೂಲಿ ಅಂಬೂ ಗುರುತೇ ಇರಲಿಲ್ಲ.
ಹಾಜರಿ ಪುಸ್ತಕದಾಗ ಇಲ್ಲ, ಪಗಾರ ಚೀಟ್ಯಾಗ ಇಲ್ಲ,
ಮಾಲಕ ಕೇಳಿದ, “ಯಾವ ಮರೆಪ್ಪ?”
ದವಾಖಾನಿ ಚೀಟಿ ಟಿಬಿ ಅಂತು.
ಆರು ತಿಂಗಳ ಗುಳಗಿ ನುಂಗಿದ,
ಮತ್ತಾರು ತಿಂಗಳ ನುಂಗಿದ,
ಗುಳಗಿ ಇನ್ನಾ ನಾಕು ಉಳದಿದ್ವು.

ಹದಿಮೂರರ ದಿನ ಈ ಹುಡುಗಿ ಬಂದ್ಳು,
ಇಂಡಿಕೇಟರ್ ಒಡದ ಸ್ಕೂಟಿ ಮ್ಯಾಲ.
ಸಮಾಧಾನದ ಮಾತು ಒಂದೂ ಆಡಲಿಲ್ಲ.
“ಎಕ್ಸರೇ ಎಲ್ಲಿಟ್ಟೀರಿ, ಅಕ್ಕಾ?”
ಅದು ಕಿಡಕಿಗಿ ಹಚ್ಚಿತ್ತು,
ಗಾಜು ಒಡದಲ್ಲಿ, ಬಿಸಿಲು ಬರಬಾರದಂತ.
ಬಿಡಿಸಿ, ಅಂಗಳಕ್ಕ ಒಯ್ದು,
ನನ್ನ ಗಂಡನ ಎದಿಯನ್ನ ಸೂರ್ಯಗ ಹಿಡದು
ಭಾಳ ಹೊತ್ತು ನಿಂತಳು.
“ನಾ ಡಾಕ್ಟರ್ ಅಲ್ಲ. ಆದ್ರ ಹಿಂತಾದ್ದು
ಇದು ನಾ ನೋಡಿದ ಮೂವತ್ತೊಂದನೇದು.”

ಆಮ್ಯಾಲ ಓಣಿ ಓಣಿ ತಿರುಗಿ ಕೆಮ್ಮು ಬರಕೊಂಡ್ಳು.
ಈಗ ಗೋಡಿ ಆಚಿ ಕೆಮ್ಮಿದ್ರ ಸಾಕು:
ಇದು ಸಾಬಣ್ಣ ಕಾಕಾ.
ಇದು ಲಾಡ್ಲೇಸಾಬ, ರಾತ್ರಿ ಮಲಗಿಲ್ಲ.
ಇದು... ಇದು ಹೋದ ವಾರ ಇರಲಿಲ್ಲಲ್ಲ, ಯಾರದು?

ಸಾಹೇಬರು ಶಾಲು ಬಿಚ್ಚಿದ್ರು.
ಅಷ್ಟರಾಗ ಆ ಥಂಡಿಗಿ ಸಾಬಣ್ಣಗ ಕೆಮ್ಮು ಹತ್ತಿತು.
ಮೈಕಿನವ ಅರ್ಧಕ್ಕ ತಡದ.
ಬ್ಯಾಡ್ಜಿನ ಹುಡುಗ ಓಡಿ ಬಂದು
“ಕಾಕಾ, ಹೊರಗ ನೀರು ಅದ” ಅಂತ ರಟ್ಟಿ ಹಿಡದ.
ಆಕಿ ನಮ್ಮ ಕಡಿ ನೋಡಲಿಲ್ಲ.
ಶಾಲು ಒಂದ ಹೆಗಲಿಗಿ ಬಿದ್ದಂಗೇ
ಕುತ್ತಿಗಿ ತುಸು ವಾಲಿಸಿ ನಿಂತಿದ್ಳು.
ನನಗ ಗೊತ್ತು, ಎಣಿಸ್ಲಿಕತ್ತಿದ್ಳು.

ಆಮ್ಯಾಲ ಸಾಹೇಬರ ಕಿವ್ಯಾಗ ಏನೋ ಅಂದ್ಳು.
ಫೋಟೋದಾಗ ಇಬ್ಬರೂ ನಕ್ಕಂಗ ಕಾಣ್ತಾರ.
ತಿರುಗಿ ಬರೂ ಮುಂದ, ಕ್ರೂಸರಿನಾಗ,
ಹಣ್ಣಿನ ಬುಟ್ಟಿಯ ಕಾಗದ ಹುಡುಗರು ಪರಪರ ಹರಿಯೂ ಮುಂದ, ಕೇಳಿದೆ:
“ಏನಂದಿ ಸಾಹೇಬರಿಗಿ?”
“ಏನಿಲ್ಲಕ್ಕಾ, ನಮ್ಮ ಅರ್ಜಿಯ ಇನ್‌ವರ್ಡ್ ನಂಬರ್.
ಎರಡು ವರ್ಷಾತು, ಅವರ ಟೇಬಲ್ ಮ್ಯಾಲೇ ಅದ.”
ಸೇಬು ಕಚ್ಚಿದ್ಳು. ಹುಳಿ ಇತ್ತು ಕಾಣ್ತದ, ಮಾರಿ ಕಿವುಚಿದ್ಳು.

ಎಕ್ಸರೇ ಫೈಲಿನಾಗ ಹ್ವಾದ ಮ್ಯಾಲ
ನನ್ನ ಕಿಡಕಿ ಬಯಲಾಗಿತ್ತು.
ಆಕಿ ಫೋಟೋ ಇದ್ದ ಆಮಂತ್ರಣದ ಹಾಳಿ
ಅಳತಿ ಹಿಡದಂಗ ಕುಂತಿತು ಅಲ್ಲಿ.
ಬಿಸಿಲು ಬಿದ್ರ ಮಾರಿ ಬೆಳಗತದ,
ಎದಿ ಒಳಗಿಂದು ಏನೂ ಕಾಣೂದಿಲ್ಲ.

ಮೊನ್ನಿ ಬಂದಾಕಿ ನೋಡಿ ನಾಚಿದ್ಳೋ ಸಿಟ್ಟಾದ್ಳೋ,
ಸರಕ್ಕನ ಕಿತ್ತು, ತಿರುವಿ ಹಾಕಿ,
“ಈ ಮಗ್ಗಲು ಖಾಲಿ ಅದಲ್ಲಕ್ಕಾ” ಅಂದ್ಳು.
ಬಾಜೂಮನಿಯಾಗ ಯಾರೋ ಕೆಮ್ಮಿದ್ರು.
ಹತ್ತೊಂಬತ್ತರ ಹುಡುಗ, ಖಣಿಗಿ ಹೋಗಿ ಮೂರು ವರ್ಷ.
ಪೆನ್ನು ನಡೀಲಿಲ್ಲ, ಅಂಗೈ ಮ್ಯಾಲ ಗೀಚಿ ಗೀಚಿ,
ಹೆಸರು ಕೇಳ್ಲಿಕ್ಕೆ ಎದ್ದು ಹ್ವಾದ್ಳು.